ಹತ್ತು ನಿಮಿಷದ ಭಾವ

ಕುಂದಾಪುರ ಕಡೆಯ ಮನೆಗಳಲ್ಲಿ ಇಂಥ ಒಬ್ಬರಾದರೂ ಇರುತ್ತಾರೆ. ಹುಟ್ಟಿದ್ದು ಬ್ರಹ್ಮಾವರ, ಹೆಂಡತಿ ಮನೆ ಕೋಟೇಶ್ವರ, ಅನ್ನ ಬೆಂಗಳೂರಿನದು. ಅಲ್ಲಿ ವರ್ಷವಿಡೀ ಪಾರ್ಸೆಲ್ ಹುಡುಗನ ದಾರಿ ಕಾಯುವವರಿಗೆ ಊರಿಗೆ ಬಂದ ಕೂಡಲೇ ಅಡುಗೆ ಮಾಡಲು ಕೈ ತುರಿಸುತ್ತದೆ.

ನಮ್ಮ ಭಾವ ಈ ಸಲ ಕೋಟೇಶ್ವರದ ಕೊಡಿ ಹಬ್ಬಕ್ಕೆ ಬಂದಾಗ ಕಾರಿನ ಡಿಕ್ಕಿಯಲ್ಲಿ ಒಂದು ಓವನ್ನೂ ಬಂತು. ತೇರು ಕಂಡಾಯ್ತು, ಕಬ್ಬು ತಂದಾಯ್ತು, ಪಾಯಸದ ಊಟವೂ ಆಯ್ತು. ಮರುದಿನ ಬೆಳಿಗ್ಗೆ ಘೋಷಣೆ: “ಇವತ್ತು ಚಟ್ಲಿ ನಂದು. ಯಾರೂ ಕೈ ಹಾಕಬೇಡಿ. ಬರೀ ಹತ್ತು ನಿಮಿಷ.”

ಅಳಿಯನಿಗೆ ಬೇಡ ಅನ್ನಲು ಅಮ್ಮನಿಗೆ ಬಾಯಿ ಬರಲಿಲ್ಲ. “ಮಾಡಿ, ಮಾಡಿ. ನಾನೆಂತ ಮಾಡ್ಕ್?”

“ಏನೂ ಬೇಡ ಅತ್ತೆ, ನೀವು ಕೂತಿರಿ. ಚಟ್ಲಿ ಒಂದು ಸುಲಿದು ಕೊಟ್ಟರೆ ಸಾಕು.”

ಗಂಗೊಳ್ಳಿಯಿಂದ ಬಂದ ಚಟ್ಲಿ, ಅಂದರೆ ಸಿಗಡಿ, ಎರಡು ಕಿಲೋ. ಅಮ್ಮ, ಅಕ್ಕ, ಬೈಂದೂರಿನಿಂದ ಬಂದ ಚಿಕ್ಕಮ್ಮ ಬಾವಿಕಟ್ಟೆ ಹತ್ತಿರ ಕೂತರು. ತಲೆ ಮುರಿಯಬೇಕು, ಸಿಪ್ಪೆ ತೆಗೆಯಬೇಕು, ಬೆನ್ನು ಸೀಳಿ ಕಪ್ಪು ನರ ಎಳೆಯಬೇಕು. ಬಾಲ ಮಾತ್ರ ಹಾಗೇ ಇರಬೇಕು, ಫೋಟೊಕ್ಕೆ ಅದು ಚೆಂದವಂತೆ. ಒಂದೂವರೆ ಗಂಟೆ ಕಳೆಯುವಾಗ ಎರಡು ಕಿಲೋ ಒಂದು ಕಿಲೋ ಆಗಿತ್ತು. ಉಳಿದದ್ದು ತೆಂಗಿನ ಬುಡಕ್ಕೆ ಹೋಯಿತು, ಹಿಂದೆಯೇ ಬೆಕ್ಕೂ ಹೋಯಿತು. ಆ ಹೊತ್ತಿನಲ್ಲಿ ಭಾವ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ವಿಡಿಯೊ ನೋಡುತ್ತಿದ್ದರು. ಅದು ಹತ್ತು ನಿಮಿಷದ ಲೆಕ್ಕಕ್ಕೆ ಬರುವುದಿಲ್ಲ.

ಓವನ್ನಿನ ದಪ್ಪ ಪಿನ್ನು ಅಡುಗೆಮನೆಯ ಪ್ಲಗ್ಗಿಗೆ ಹೋಗಲಿಲ್ಲ. 16 ಆಂಪಿಯರಿನ ಪ್ಲಗ್ಗು ಇದ್ದದ್ದು ಬಚ್ಚಲುಮನೆ ಬಾಗಿಲಲ್ಲಿ, ವಾಷಿಂಗ್ ಮಶೀನಿಗೆ. ಹಾಗಾಗಿ ಓವನ್ನು ಮಶೀನಿನ ತಲೆ ಮೇಲೆ ಕೂತಿತು. ಅವತ್ತು ನಮ್ಮ ಮನೆಯಲ್ಲಿ ಚಟ್ಲಿಗೂ ಸೋಪಿನ ಪುಡಿಗೂ ಒಂದೇ ವಿಳಾಸ.

ಮಸಾಲೆ ಕಲಸಲು ಭಾವ ಪುಟ್ಟ ಡಬ್ಬಿಗಳನ್ನು ಸಾಲಾಗಿ ಇಟ್ಟರು. ಪ್ಯಾಪ್ರಿಕಾ ಡಬ್ಬಿ ಮೂಸಿದ ಅಮ್ಮ, “ಬರೀ ಬಣ್ಣ, ಖಾರವೇ ಇಲ್ಲೆ. ನಮ್ ಬ್ಯಾಡಗಿಯೇ ಆಯ್ತಲ್ದಾ?” ಅಂದರು. ಮಾತು ಸುಳ್ಳಲ್ಲ. ಖಾರ ಕಡಿಮೆ, ಕೆಂಪು ಹೆಚ್ಚು ಎಂಬ ಗುಣಕ್ಕೇ ಬ್ಯಾಡಗಿಗೆ ಹೆಸರು. 2011ರಲ್ಲಿ ಜಿಐ ಪಟ್ಟವೂ ಸಿಕ್ಕಿದೆ. ಭಾವ ಸೋಲಲಿಲ್ಲ. “ಅತ್ತೆ, 1957ರಲ್ಲಿ ಶುರುವಾದ ಶೆಟ್ಟಿ ಲಂಚ್ ಹೋಮಿನವರು ಕೋಳಿಗೆ ತುಪ್ಪ ಹಾಕಿ ಹುರಿದಾಗಲೂ ಯಾರಾದರೂ ಹೀಗೇ ಅಂದಿರಬಹುದು. ಈಗ ಘೀ ರೋಸ್ಟ್ ಅಂದರೆ ಕುಂದಾಪುರ!”

ಕೊನೆಗೆ ಎಣ್ಣೆ, ಬೆಳ್ಳುಳ್ಳಿ, ಉಪ್ಪು, ಪ್ಯಾಪ್ರಿಕಾ, ಮೇಲೆ ಅಮ್ಮನ ಖಾರದ ಪುಡಿ ಒಂದು ಚಮಚ. 200 ಡಿಗ್ರಿ, ಎಂಟು ನಿಮಿಷ. ಭಾವ ಗಾಜಿನ ಬಾಗಿಲ ಮುಂದೆ ಮಕ್ಕಳನ್ನು ನಿಲ್ಲಿಸಿಕೊಂಡು ಪಾಠ ಶುರುಮಾಡಿದರು: ಚಟ್ಲಿಯ ಕೆಂಪು ಬಣ್ಣ ಮೊದಲಿನಿಂದಲೂ ಅದರೊಳಗೇ ಇರುತ್ತದೆ, ಪ್ರೋಟೀನು ಅದನ್ನು ಹಿಡಿದಿಟ್ಟಿರುತ್ತದೆ, ಬಿಸಿ ತಾಗಿದರೆ ಹಿಡಿತ ಬಿಡುತ್ತದೆ. ಪಾಠ ಸರಿಯಾಗಿಯೇ ಇತ್ತು. ಅದು ಮುಗಿಯುವಾಗ ಹದಿನಾಲ್ಕು ನಿಮಿಷ ಆಗಿತ್ತು, ಅಷ್ಟೇ. ತೊಳೆದ ಚಟ್ಲಿಯ ನೀರು ಒರೆಸದೆ ಹಾಕಿದ್ದರಿಂದ ಅವು ಹುರಿಯುವ ಬದಲು ತಟ್ಟೆಯಲ್ಲೇ ಬೆಂದು, ಮುದುಡಿ ಗುಂಡಿಯಂತಾಗಿದ್ದವು. ಜಗಿದರೆ ಹವಾಯಿ ಚಪ್ಪಲಿ.

“ಬಟ್ಟೆಯಂಗೆ ಒರ್ಸಿ ಹಾಕಿ ಕಾಣಿ,” ಅಂದರು ಅಮ್ಮ ಮೆಲ್ಲಗೆ. “ಬೆನ್ನು ಬಗ್ಗಿರೆ ಸಾಕ್. ಕುತ್ತಿಗೆ ಬಾಲ ಸೇರಿರೆ ಹೋಯ್ತ್.”

ಎರಡನೆಯ ತಟ್ಟೆ ಏಳನೆಯ ನಿಮಿಷಕ್ಕೆ ಹೊರಬಂತು. ನಿಂಬೆ ಹಿಂಡಿದರು. ಸುಳ್ಳು ಯಾಕೆ ಹೇಳಲಿ, ಬಾಯಿಗಿಟ್ಟರೆ ಸಿಹಿಯಾಗಿ, ಅಂಚು ಗರಿಯಾಗಿ, ಬಹಳ ಲಾಯ್ಕಿತ್ತು. ಫೋಟೊ ಕುಟುಂಬದ ಗ್ರೂಪಿಗೆ ಹೋಯಿತು, ‘ಗಡ್ಜ್ ಭಾವ!’ ಎಂದು ಹೊಗಳಿಕೆ ಬಂತು. ಮೊದಲನೆಯ ತಟ್ಟೆಯ ಸುದ್ದಿ ಬೆಕ್ಕಿಗೆ ಮಾತ್ರ ಗೊತ್ತು.

ಊಟಕ್ಕೆ ಕೂತಾಗ ತಲೆಗೆ ಆರಾರು ಚಟ್ಲಿ. ಚಿಕ್ಕಮ್ಮ ಕುಚ್ಚಲಕ್ಕಿ ಅನ್ನ ನೋಡಿದರು, ಚಟ್ಲಿ ನೋಡಿದರು. “ಇದ್ರಂಗೆ ಅನ್ನ ಉಂಬುದ್ ಹ್ಯಾಂಗೆ ಮರಾಯ್ರೆ?”

ಅಮ್ಮ ಎದ್ದು ಹೋಗಿ ಮಣ್ಣಿನ ಪಾತ್ರೆ ತಂದು ಮುಚ್ಚಳ ತೆಗೆದರು. ಬಸಳೆ ಚಟ್ಲಿ ಗಸಿ. ಸುಲಿಯುವಾಗಲೇ ಕಾಲು ಭಾಗ ಎತ್ತಿಟ್ಟಿದ್ದರು. ಭಾವ ಎರಡು ಸಲ ಹಾಕಿಸಿಕೊಂಡರು, “ಇದಕ್ಕೆ ತುಂಬಾ ಹೊತ್ತು ಹಿಡೀತಾ ಅತ್ತೆ?” ಎಂದೂ ಕೇಳಿದರು. ಅಮ್ಮ ಅವರ ಬಟ್ಟಲಿಗೆ ಇನ್ನೊಂದು ಸೌಟು ಬಡಿಸಿದರು.

ಹೋಗುವಾಗ ಭಾವ ಓವನ್ನನ್ನು ಇಲ್ಲೇ ಬಿಟ್ಟು ಹೋದರು, ಮುಂದಿನ ಕೊಡಿ ಹಬ್ಬಕ್ಕೆ ಬೇಕಾಗುತ್ತದಂತೆ. ಬಾಗಿಲು ಗಟ್ಟಿಯಾಗಿದೆ, ಬೆಕ್ಕಿಗೆ ತೆರೆಯಲು ಬರುವುದಿಲ್ಲ. ಅಮ್ಮ ಈಗ ಅದರಲ್ಲಿ ಒಣ ಚಟ್ಲಿ ಇಡುತ್ತಾರೆ.