ಪರ್ಡ್ಯೂ ಅಂಕಲ್

ಮಾರ್ಚ್ ಬಂತೆಂದರೆ ಬೆಂಗಳೂರಿನವರೆಲ್ಲ ತೆಳು ಹತ್ತಿ ಬಟ್ಟೆಗೆ ಇಳಿಯುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ಪರ್ಡ್ಯೂ ಅಂಕಲ್ ಮಾತ್ರ ದಪ್ಪನೆಯ ಕಪ್ಪು ಸ್ವೆಟ್‌ಶರ್ಟ್ ಏರಿಸಿಕೊಂಡು ವಾಕಿಂಗಿಗೆ ಬರುತ್ತಾರೆ. ಎದೆಯ ಮೇಲೆ ಚಿನ್ನದ ಬಣ್ಣದ ಕಾಲೇಜು ಹೆಸರು, ಹಣೆಯ ಮೇಲೆ ಧಾರಾಕಾರ ಬೆವರು.

ಅಂಕಲ್ ಅಮೆರಿಕದ ಇಂಡಿಯಾನಾದಲ್ಲಿರುವ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಮಾಡಿದವರು. ಓದುವಾಗ ಅಲ್ಲಿನ ಬ್ಯಾಸ್ಕೆಟ್‌ಬಾಲ್ ಅಂಗಳ ಮ್ಯಾಕಿ ಅರೇನಾದೊಳಗೆ ಕಾಲಿಟ್ಟವರಲ್ಲ. ಟಿಕೆಟಿನ ಡಾಲರನ್ನು ರೂಪಾಯಿಗೆ ಗುಣಿಸಿ ನೋಡಿ ಸೀದಾ ಲ್ಯಾಬಿಗೆ ಹೋಗುತ್ತಿದ್ದರಂತೆ. ಇದು ಆಂಟಿ ಕೊಟ್ಟ ಮಾಹಿತಿ. ಈಗ ಮಾತ್ರ, “ನಮ್ಮ ಮ್ಯಾಕೀಲಿ ಆ ಗದ್ದಲ ಕೇಳ್ಬೇಕು ಸಾರ್!” ಎಂದು ಕಣ್ಣು ಮುಚ್ಚುತ್ತಾರೆ.

ಆದರೆ ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ಎತ್ತು ಯಾವಾಗ ಒದೆಯುತ್ತದೋ ಹೇಳಲಾಗದು. 2023ರ ಮಾರ್ಚ್‌ನಲ್ಲಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಯಲ್ಲಿ ಒಂದನೇ ಶ್ರೇಯಾಂಕದ ಪರ್ಡ್ಯೂ, 16ನೇ ಶ್ರೇಯಾಂಕದ ಫೇರ್ಲೀ ಡಿಕಿನ್ಸನ್ ಎದುರು ಮೊದಲ ಪಂದ್ಯದಲ್ಲೇ 58–63ರಿಂದ ಮಣ್ಣು ಮುಕ್ಕಿತು. ಪುರುಷರ ಟೂರ್ನಿಯ ಚರಿತ್ರೆಯಲ್ಲಿ ಇಂಥ ಅವಮಾನ ಅದು ಎರಡನೆಯದು. ಮರುದಿನ ಅಂಕಲ್ ಬಿಳಿ ಜುಬ್ಬಾದಲ್ಲಿ ಬಂದರು. “ಕಾಲೇಜು ಇರೋದು ಓದೋಕೆ ಸಾರ್, ಚೆಂಡಾಟಕ್ಕಲ್ಲ.”

ಮುಂದಿನ ವರ್ಷ ಅದೇ ತಂಡ ಪಂದ್ಯದ ಮೇಲೆ ಪಂದ್ಯ ಗೆಲ್ಲತೊಡಗಿದಾಗ ಸ್ವೆಟ್‌ಶರ್ಟ್ ಬೀರುವಿನಿಂದ ಹೊರಬಂತು. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ತಂಡದ ಆಟಗಾರ ಜ್ಯಾಕ್ ಈಡಿಯ ವರ್ಣನೆ: “ಏಳು ಅಡಿ ನಾಲ್ಕು ಇಂಚು ಸಾರ್! ಈ ಲಿಫ್ಟಿನ ಬಾಗಿಲಿಗೆ ಬಗ್ಗಿಯೇ ಬರಬೇಕು.” ಹೇಳುವ ಅಂಕಲ್ ಐದೂ ಕಾಲಡಿ. ಟೂರ್ನಿಯ ಕಟ್ಟುಪಾಡು ವಾಚ್‌ಮನ್‌ಗೂ ತಿಳಿದುಹೋಯಿತು. “68 ತಂಡ ಕಣಪ್ಪ. ಒಂದು ಸೋತ್ರೂ ಮನೆಗೆ. ಆರ್‌ಸಿಬಿ ಥರ ಕ್ಯಾಲ್ಕ್ಯುಲೇಟರ್ ಹಿಡ್ಕೊಂಡು ಕೂರೋ ಹಾಗಿಲ್ಲ.”

ಟೆನೆಸ್ಸೀ ವಿರುದ್ಧ ಈಡಿ 40 ಪಾಯಿಂಟ್ ಹಾಕಿ, ಪರ್ಡ್ಯೂ 1980ರ ಬಳಿಕ ಮೊದಲ ಬಾರಿ ಕೊನೆಯ ನಾಲ್ಕರ ಘಟ್ಟ ತಲುಪಿದ ದಿನ ನಮಗೆಲ್ಲ ಮೈಸೂರ್‌ಪಾಕ್ ಹಂಚಿಕೆಯಾಯಿತು. ಮಗಳು ಡಿಗ್ರಿ ಪಾಸಾದಾಗ ಸಿಕ್ಕಿದ್ದು ಬರೀ ಕಲ್ಲುಸಕ್ಕರೆ.

ಕನೆಕ್ಟಿಕಟ್ ವಿರುದ್ಧದ ಫೈನಲ್ ಅರಿಜೋನಾದಲ್ಲಿ ಸೋಮವಾರ ಸಂಜೆ. ಇಲ್ಲಿ ಏಪ್ರಿಲ್ 9, ಯುಗಾದಿಯ ಬೆಳಗ್ಗೆ. ಅಂಕಲ್ ಎಣ್ಣೆ ಹಚ್ಚಿಕೊಂಡೇ ಟಿವಿ ಮುಂದೆ ಕೂತರು. ಈಡಿ ಒಬ್ಬನೇ 37 ಪಾಯಿಂಟ್ ಹಾಕಿದ. ಉಳಿದವರೆಲ್ಲ ಸೇರಿ 23. ಸ್ಕೋರು 60–75. 34 ಗೆಲುವಿನ ಸೀಸನ್ನು ಐದನೇ ಸೋಲಿನಲ್ಲಿ ಮುಗಿಯಿತು.

ಹಬ್ಬದ ಶುಭಾಶಯ ಹೇಳಲು ಹೋದಾಗ ಜುಬ್ಬಾ ಕಾಣುತ್ತದೆಂದುಕೊಂಡಿದ್ದೆ. ಇಲ್ಲ, ಎಣ್ಣೆ ಮೆತ್ತಿದ ಸ್ವೆಟ್‌ಶರ್ಟೇ ಮೈಮೇಲಿತ್ತು. “ಬೇಜಾರಾಗಿರಬೇಕು” ಎಂದೆ.

“ಯಾಕೆ ಸಾರ್? 1969ರಲ್ಲೂ ಫೈನಲ್ ಸೋತ್ವಿ. ನಾಲ್ಕೇ ತಿಂಗಳಿಗೆ ಚಂದ್ರನ ಮೇಲೆ ಕಾಲಿಟ್ವಿ. ನೀಲ್ ಆರ್ಮ್‌ಸ್ಟ್ರಾಂಗ್ ನಮ್ಮ ಪರ್ಡ್ಯೂನೇ!”

ಒಳಗಿಂದ ಆಂಟಿಯ ದನಿ ಬಂತು: “ಚಂದ್ರನ ಮೇಲೆ ಕಾಲಿಟ್ಟೋರು ಮೊದ್ಲು ಬಚ್ಚಲಿಗೆ ಕಾಲಿಡಿ. ನೀರು ಆರ್ತಾ ಇದೆ.”