ನಿಮ್ಮ ಏಣಿ ಒಂದ್ಸಲ ಕೊಡ್ತೀರಾ?

ರಾಯರೇ, ನಿಮ್ಮ ಏಣಿ ಒಂದ್ಸಲ ಕೊಡ್ತೀರಾ? ಕಾಂಪೌಂಡ್ ಮೇಲಿಂದಲೇ ದಾಟಿಸಿ ಸಾಕು. ಬಲ್ಬ್ ಹಾಕೋಕಲ್ಲ, ಜೇಡರ ಬಲೆ ತೆಗೀಬೇಕು. ನಗಬೇಡಿ. ಗೇಟಿನ ಕ್ಯಾಮೆರಾ ಮುಂದೆ ಒಂದು ಜೇಡ ಸಂಸಾರ ಹೂಡಿದೆ. ಹಗಲು ಹುಡುಕಿದ್ರೂ ಎಳೆ ಕಣ್ಣಿಗೆ ಬೀಳಲ್ಲ. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ಹತ್ತಿಕೊಂಡಿತೋ, ಅದೇ ಎಳೆ ತೇರಿನ ಹಗ್ಗದಷ್ಟು ದಪ್ಪ, ಬೆಳ್ಳಗೆ. ಆ ಬೆಚ್ಚನೆ ಜಾಗಕ್ಕೆ ಹುಳಹುಪ್ಪಟೆ ಬೇರೆ ಬರ್ತವೆ, ಊಟ ತಿಂಡಿಗೂ ಕೊರತೆಯಿಲ್ಲ. ಜೇಡ ಒಂದು ಹೆಜ್ಜೆ ಇಟ್ರೆ ನನ್ನ ಫೋನು ಒಂದ್ಸಲ ಕುಯ್ಯ್ ಅನ್ನುತ್ತೆ, ಯಾರೋ ಓಡಾಡ್ತಿದ್ದಾರೆ ಅಂತ. ನಿನ್ನೆ ಒಂದೇ ರಾತ್ರಿ 61 ಸಲ. ಕಳ್ಳನಾದ್ರೂ ಇಷ್ಟು ಓಡಾಡ್ತಾನಾ, ನೀವೇ ಹೇಳಿ.

ನೀವೂ ಕ್ಯಾಮೆರಾ ಹಾಕಿಸ್ಬೇಕು ಅಂತಿದ್ದೀರಂತೆ? ನಮ್ಮಾಕೆ ಹೇಳಿದ್ಲು, ನಿಮ್ಮನೆಯವರು ತರಕಾರಿ ಗಾಡಿ ಹತ್ರ ಅಂದ್ರಂತೆ. ಕೊನೇ ಮನೆಯವರ ನೀರಿನ ಮೋಟರ್ ಹೋದಾಗಿನಿಂದ ಇಡೀ ರಸ್ತೆಗೇ ಈ ಚಪಲ ಹತ್ತಿದೆ, ಅಲ್ವಾ? ಯಾವುದು ತಗೊಳ್ಳೋದು ಅಂತ ನೀವು ಕೇಳಿಲ್ಲ. ಆದ್ರೂ ಹೇಳ್ತೀನಿ. ಏಣಿ ಕೊಡೋರಿಗೆ ಅಷ್ಟೂ ಹೇಳದಿದ್ರೆ ಹೇಗೆ?

ನಮ್ಮನೇಲಿ ಬಜೆಟ್ ಮಂಡನೆ ಒಂದೇ ವಾಕ್ಯದಲ್ಲಿ ಮುಗೀತು. "ಹತ್ತು ಸಾವಿರ, ಮೇಲೆ ಬಿಡಿಗಾಸಿಲ್ಲ. ಅಷ್ಟು ಬೆಲೆಬಾಳೋದು ನಮ್ಮನೇಲಿ ಇನ್ನೇನಿದೆ ಕಳ್ಳ ಹೊತ್ಕೊಂಡು ಹೋಗೋಕೆ?" ನಾನು ಎದುರಾಡಲಿಲ್ಲ. ಚೀಲ ಹಿಡಿದು ಟೌನ್ ಹಾಲ್ ಹತ್ರ ಬಸ್ಸಿಳಿದು ಎಸ್.ಪಿ. ರೋಡಿಗೆ ಹೋದೆ. ಆ ರೋಡು ಗೊತ್ತಲ್ಲ, ಅಲ್ಲಿ ನಡೆಯೋಕೇ ಒಂದು ಲೈಸೆನ್ಸ್ ಬೇಕು. ಅಂಗಡಿಯವನು ಮುಖ ಕೂಡ ಎತ್ತದೆ ಕೇಳಿದ, "ಎಷ್ಟು ಕ್ಯಾಮೆರಾ ಸಾರ್?" ಮನೆಗೆ ನಾಲ್ಕು ಗೋಡೆ, ಹಾಗಾಗಿ ನಾಲ್ಕು ಅಂದೆ. ಇಡ್ಲಿ ಹೇಳಿದ ಹಾಗೆ. ಅವನು ಶುರು ಹಚ್ಚಿಕೊಂಡ. ನಾಲ್ಕು ಬುಲೆಟ್, ಎಲ್ಲಾ ಎರಡು ಮೆಗಾಪಿಕ್ಸೆಲ್, ಒಂದು ಡಿವಿಆರ್, ಒಂದು ಟಿಬಿ ಹಾರ್ಡ್ ಡಿಸ್ಕ್, 90 ಮೀಟರ್ ಕೇಬಲ್ ಒಂದು ಬಂಡಲ್, ಎಸ್‌ಎಂಪಿಎಸ್, ಫಿಟ್ಟಿಂಗ್. ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿದಾಗ ಹದಿನೆಂಟು ಸಾವಿರ ದಾಟಿತ್ತು. ಮದುವೆ ಊಟದ ಹಾಗೇ ಸ್ವಾಮಿ, ಎಲೆ ಮೇಲೆ ಬೀಳೋದು ಒಂದು ಲೆಕ್ಕ, ಪೆಂಡಾಲು, ಓಲಗದ್ದು ಇನ್ನೊಂದು ಲೆಕ್ಕ.

ಪಕ್ಕದಲ್ಲಿ ನಿಂತಿದ್ದ ಒಬ್ಬ ಎಲೆಕ್ಟ್ರಿಷಿಯನ್ ಪುಣ್ಯಾತ್ಮ ನನ್ನ ಮುಖ ನೋಡಿ ಮರುಗಿದ ಅಂತ ಕಾಣುತ್ತೆ. ಬಂಡಲ್ ತುದಿಯ ತಂತಿಯನ್ನ ಬ್ಲೇಡಿಂದ ಹೀಗೆ ಕೆರೆದು ತೋರಿಸಿದ. ಮೇಲೆ ತಾಮ್ರದ ಕೆಂಪು, ಕೆರೆದರೆ ಒಳಗೆ ಬಿಳಿ. ಅಲ್ಯೂಮಿನಿಯಂಗೆ ತಾಮ್ರದ ಪೂಸು! "ದೂರಕ್ಕೆ ಎಳೆದ್ರೆ ವೋಲ್ಟೇಜ್ ಬಿದ್ದುಹೋಗುತ್ತೆ ಸಾರ್, ರಾತ್ರಿ ದೀಪ ಹತ್ತಿದ ಕೂಡಲೇ ಚಿತ್ರ ನಡುಗುತ್ತೆ" ಅಂದ. ನಮ್ಮಜ್ಜಿಗೆ ಒಬ್ಬ ಉಮಾಗೋಲ್ಡ್ ಬಳೆ ಕೊಟ್ಟು ಅಪ್ಪಟ ಬಂಗಾರ ಅಂದಿದ್ದು ಜ್ಞಾಪಕಕ್ಕೆ ಬಂತು. ಕೆರೆದು ನೋಡೋದು ಆಗಲೂ ಅಜ್ಜಿಗೇ ಗೊತ್ತಿತ್ತು.

ಅಜ್ಜಿ ಅಂದ ಮೇಲೆ ಇದನ್ನ ಹೇಳದಿದ್ರೆ ಆಗಲ್ಲ. ನಮ್ಮೂರಿನ ಮನೇಲಿ ರಾತ್ರಿ ಹಿತ್ತಿಲ ಬಾಗಿಲಿಗೆ ಅಗಳಿ ಹಾಕಿ, ಅದಕ್ಕೊಂದು ಹಿತ್ತಾಳೆ ಕೊಳಗ ಒರಗಿಸಿ, ಕೊಳಗದ ಬಾಯಿಗೆ ಒಂದು ಚೊಂಬು ಬೋರಲು ಹಾಕ್ತಿದ್ಲು. ಯಾರಾದ್ರೂ ಬಾಗಿಲು ತಳ್ಳಿದ್ರೆ ಢಣಾರ್! ನಾನು ಕಂಡ ಹಾಗೆ ಕಳ್ಳ ಒಂದು ದಿನವೂ ಬರಲಿಲ್ಲ. ಬೆಕ್ಕು ಮಾತ್ರ ವಾರಕ್ಕೆರಡು ಸಲ ಒಳಗಿಂದ ಬೀಳಿಸ್ತಿತ್ತು, ಇಡೀ ವಠಾರ ಎದ್ದು ಕೂತು ಆಮೇಲೆ ಕಾಫಿ ಕುಡಿದೇ ಮಲಗೋದು. ಈಗ ನನ್ನ ಫೋನಿನ ಕುಯ್ಯ್ ಕುಯ್ಯ್ ಕೇಳಿದಾಗೆಲ್ಲ ಅದೇ ಕೊಳಗ ನೆನಪಾಗುತ್ತೆ. ಕಾಫಿ ಒಂದಿಲ್ಲ ಅಷ್ಟೇ.

ಅಗ್ಗದ ಲೆಕ್ಕಕ್ಕೆ ಬಂದ್ರೆ 'ನಾಳೆ ಬಾ'ನ ಮೀರಿಸಿದ್ದು ಯಾವುದಿದೆ? ತೊಂಬತ್ತರ ದಶಕದಲ್ಲಿ ಬಾಗಿಲು ಬಾಗಿಲಿಗೂ ಬರೆದಿದ್ರಲ್ಲ. ಒಂದು ಚೂರು ಇದ್ದಿಲಿನ ಖರ್ಚು. ದೆವ್ವ ದಿನಾ ಬಂದು ಓದಿಕೊಂಡು, ವಿಧೇಯವಾಗಿ ವಾಪಸ್ ಹೋಗ್ತಿತ್ತು. ಅಕ್ಷರಸ್ಥ ದೆವ್ವ! ಆಮೇಲೆ ನಾಯಿ ಬರಬಾರದು ಅಂತ ಗೇಟಿಗೆ ಬಣ್ಣದ ನೀರಿನ ಬಾಟಲಿ ಕಟ್ಟಿದ್ದು. ನಿಮ್ಮ ಗೇಟಲ್ಲೂ ಒಂದಿತ್ತು ರಾಯರೇ, ಕೆಂಪುದು. ಅದರ ಬುಡದಲ್ಲೇ ನಾಯಿ ಮಲಗ್ತಿತ್ತು, ನಾನೇ ನೋಡಿದ್ದೀನಿ. ಈಗ ಎಸ್.ಪಿ. ರೋಡಲ್ಲಿ ಇನ್ನೂರು ಮುನ್ನೂರಕ್ಕೆ ಸುಳ್ಳು ಕ್ಯಾಮೆರಾ ಸಿಗುತ್ತೆ, ಒಳಗೆ ಒಂದು ಸೆಲ್ಲು, ಮೇಲೊಂದು ಕೆಂಪು ದೀಪ ಮಿಣಮಿಣ ಅಂತ. ಅಸಲಿ ಕ್ಯಾಮೆರಾ ಹಾಗೆಲ್ಲ ಕಣ್ಣು ಹೊಡೆಯಲ್ಲ. ಹೆಚ್ಚೆಂದ್ರೆ ಕತ್ತಲಲ್ಲಿ ಸುತ್ತಲಿನ ಎಲ್‌ಇಡಿ ಆರುತ್ತಿರೋ ಕೆಂಡದ ಹಾಗೆ ಒಂಚೂರು ಕೆಂಪಗಿರುತ್ತೆ. ಕಳ್ಳನಿಗೆ ಇದು ಗೊತ್ತಿಲ್ವಾ? ಅವನ ಕಸುಬು ಸ್ವಾಮಿ ಅದು.

ಕೊನೆಗೆ ನಾಲ್ಕು ಹೋಗಿ ಎರಡಾಯ್ತು. ವೈಫೈದು, ಒಂದು ಗೇಟಿಗೆ, ಒಂದು ಹಿತ್ತಿಲಿಗೆ. 2,400ರ ಹಾಗೆ ಎರಡು, 4,800. ಒಳಗೆ ಹಾಕೋ ಕಾರ್ಡು 128 ಜಿಬಿದು. ಮಾಮೂಲಿ ಫೋನಿನ ಕಾರ್ಡು ಹಗಲೂ ರಾತ್ರಿ ಬರೆದೂ ಅಳಿಸೀ ಬೇಗ ಸವೆದುಹೋಗುತ್ತೆ ಅಂತ ಕ್ಯಾಮೆರಾಗೇ ಮಾಡಿದ್ದನ್ನ ತಗೊಂಡೆ, 1,200ರ ಹಾಗೆ 2,400. ಕರೆಂಟ್ ಹೋದ್ರೆ ರೂಟರ್ ನಿಲ್ಲಬಾರದಲ್ಲ, ಅದಕ್ಕೊಂದು ಪುಟಾಣಿ ಯುಪಿಎಸ್ 1,300. ಫಿಟ್ಟಿಂಗ್ ಹುಡುಗನಿಗೆ 600. ಕೂಡಿ, 9,100. ಮಿಕ್ಕ ಒಂಬೈನೂರು ನಮ್ಮಾಕೆ ಕೈಲಿಟ್ಟು ಬೀಗ್ತಾ ಕೂತೆ. ಮೂರನೇ ದಿನ ಕರೆಂಟ್ ಹೋಯ್ತು. ರೂಟರ್ ಪಾಪ ಒಳಗೆ ದೀಪ ಮಿಟುಕಿಸ್ತಾ ಎಚ್ಚರವಾಗಿತ್ತು. ಕ್ಯಾಮೆರಾಗಳೆರಡೂ ಕಣ್ಣು ಮುಚ್ಚಿದ್ದವು! ಅವಕ್ಕೂ ಕರೆಂಟ್ ಬೇಕು ಅನ್ನೋದು ಇಷ್ಟು ದೊಡ್ಡ ತಲೆಗೆ ಹೊಳೆದಿರಲಿಲ್ಲ. ಗೇಟಿನದಕ್ಕೆ ಇನ್ನೊಂದು 1,300. ಒಟ್ಟು 10,400 ಆಯ್ತು ನೋಡಿ. ಮೇಲಿನ ಆ ನಾನೂರು ಕಾಂಪೌಂಡ್ ದಾಟಿ ಹೋಗದಿರ್ಲಿ, ನಿಮ್ಮನೆಯವರಿಗೆ ಗೊತ್ತಾದ್ರೆ ನಾಳೆ ತರಕಾರಿ ಗಾಡಿ ಹತ್ರ ಇತ್ಯರ್ಥ ಆಗುತ್ತೆ.

ಕಾರ್ಡಿನ ಲೆಕ್ಕ ಒಂದು ಗಮನದಲ್ಲಿಡಿ. ಇಪ್ಪತ್ತನಾಲ್ಕು ಗಂಟೆ ರೆಕಾರ್ಡ್ ಆಗ್ತಿದ್ರೆ, ಸೆಕೆಂಡಿಗೆ ಎರಡು ಮೆಗಾಬಿಟ್ ಅಂತ ಹಿಡಿದ್ರೂ ದಿನಕ್ಕೆ ಸುಮಾರು 22 ಜಿಬಿ ನುಂಗುತ್ತೆ. 128ರದು ಆರು ದಿನ ಬಂದ್ರೆ ಹೆಚ್ಚು, ಆಮೇಲೆ ಹಳೇದರ ಮೇಲೆ ಹೊಸದು. ನೀವು ಧರ್ಮಸ್ಥಳ, ಕುಕ್ಕೆ, ಶೃಂಗೇರಿ ಅಂತ ಎಂಟು ದಿನ ತಿರುಗಿ ಬಂದ್ರಿ ಅನ್ನಿ. ಹೊರಟ ಮಾರನೇ ದಿನವೇ ಕಳ್ಳ ಬಂದಿದ್ರೆ ಅವನ ಪಾಪ ತೊಳೆದುಹೋಗಿರುತ್ತೆ, ನೀವು ಕುಮಾರಧಾರೆಯಲ್ಲಿ ಮುಳುಗಿದ ಹೊತ್ತಿಗೆ. ಅಂಗಡಿಯವನು ಹೇಳ್ತಿದ್ದ ಎಚ್.265 ಇದ್ರೆ ಹೆಚ್ಚೂಕಮ್ಮಿ ಅರ್ಧ ಜಾಗದಲ್ಲೇ ಆಗುತ್ತೆ. ಡಬ್ಬಿ ಮೇಲೆ ಬರೆದಿರ್ತಾರೆ, ಕನ್ನಡಕ ಹಾಕ್ಕೊಂಡು ಹೋಗಿ. ಹಾಗೇ 2025ರ ಏಪ್ರಿಲ್ 9ರಿಂದ ಸರ್ಕಾರದ ಹೊಸ ನಿಯಮ ಇದೆಯಲ್ಲ, ಮಾನ್ಯತೆ ಪಡೆದ ಲ್ಯಾಬಲ್ಲಿ ಪರೀಕ್ಷೆ ಆಗಿರ್ಬೇಕು ಅಂತ. "ಹಳೇ ಸ್ಟಾಕು, ಅರ್ಧ ರೇಟಿಗೆ ಕೊಡ್ತೀನಿ" ಅಂತ ಯಾರಾದ್ರೂ ಪಿಸುಗುಟ್ಟಿದ್ರೆ ಆಸೆಪಡಬೇಡಿ.

ಈಗ ಅಸಲು ವಿಷಯಕ್ಕೆ ಬರ್ತೀನಿ. ಎತ್ತರ. ಫಿಟ್ಟಿಂಗ್ ಹುಡುಗ ಬಂದವನೇ ಸರಸರ ಹತ್ತಿ ಹನ್ನೆರಡು ಅಡಿ ಮೇಲೆ ತೂತು ಕೊರೆದ. "ಕಳ್ಳನ ಕೈಗೆ ಸಿಗಬಾರದು ಸಾರ್." ಸರಿ ತಾನೇ ಅನ್ನಿಸ್ತು. ಒಂದು ವಾರ ಆದ ಮೇಲೆ ಕೂತು ನೋಡ್ತೀನಿ, ನಮ್ಮನೆಗೆ ಮನುಷ್ಯರೇ ಬಂದಿಲ್ಲ, ಬರೀ ನೆತ್ತಿಗಳು! ಹಾಲಿನವನ ಸುಳಿ, ಪೇಪರ್ ಹುಡುಗನ ಟೋಪಿ, ಕೊರಿಯರಿನವನ ಹೆಲ್ಮೆಟ್ಟು. ಹುಣ್ಣಿಮೆ ಚಂದ್ರನ ಹಾಗೆ ಫಳಫಳ ಅಂತ ಒಂದು ಬೋಳು ಬಂತು, ಯಾರಪ್ಪಾ ಇದು ಅಂತ ಹತ್ತಿರ ಎಳೆದು ನೋಡಿದೆ. ನಂದೇ. ಹಿಂದೆ ಇಷ್ಟು ಹೋಗಿದೆ ಅಂತ ನಂಗೆ ಯಾರೂ ಹೇಳಿರಲಿಲ್ಲ ರಾಯರೇ. ನೀವಾದ್ರೂ ಒಂದು ಮಾತು ಹೇಳಬಹುದಿತ್ತು, ಅಲ್ವಾ?

ತಮಾಷೆ ಏನು ಗೊತ್ತಾ, ಮನೆಗೆ ಮೊದಲು ಕ್ಯಾಮೆರಾ ಯೋಚಿಸಿದ ಹೆಂಗಸಿಗೆ ಇದೆಲ್ಲ ಆಗಲೇ ಗೊತ್ತಿತ್ತು. ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಅಂತ, ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ನರ್ಸು. ಹೊತ್ತಲ್ಲದ ಹೊತ್ತಲ್ಲಿ ಒಂಟಿಯಾಗಿರ್ಬೇಕು, ಕರೆದರೆ ಪೊಲೀಸ್ ಬರೋದು ತಡ. ಗಂಡನ ಜೊತೆ ಕೂತು 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ಲು, 1969ರ ಡಿಸೆಂಬರಿನಲ್ಲಿ ಸಿಕ್ಕಿತು. ಬಾಗಿಲಲ್ಲಿ ಒಂದಲ್ಲ, ನಾಲ್ಕು ಇಣುಕುಗಿಂಡಿ, ಮೇಲಿಂದ ಕೆಳಗೆ. ಕ್ಯಾಮೆರಾ ಒಂದೊಂದೇ ಗಿಂಡಿಗೆ ಇಳಿದು ಇಣುಕಬೇಕು. ಉದ್ದನೆಯವನು ಬಂದ್ರೆ ಮೇಲಿನದು, ಮಗು ಬಂದ್ರೆ ಕೆಳಗಿನದು. ಮಲಗೋ ಕೋಣೆಯ ಟಿವಿಯಲ್ಲಿ ಮುಖ ನೋಡಿ, ಗುಂಡಿ ಒತ್ತಿ ಬಾಗಿಲು ತೆಗೆಯೋದು. ನೋಡಬೇಕಾದ್ದು ಮುಖ ಅಂತ ಆಯಮ್ಮನಿಗೆ ಅರವತ್ತು ವರ್ಷದ ಹಿಂದೆ ಹೊಳೆದಿತ್ತು. ನಮ್ಮ ಹುಡುಗ ಮಾತ್ರ ಗರುಡಗಂಬಕ್ಕೆ ದೀಪ ಕಟ್ಟೋ ಹಾಗೆ ಕಟ್ಟಿ ಹೋದ.

ಮತ್ತೆ ಕರೆಸಿ ಏಳಡಿಗೆ ಇಳಿಸಿದೆ. ಅದಕ್ಕೆ ದುಡ್ಡು ತಗೊಳ್ಳಲಿಲ್ಲ, ಕಾಫಿ ಕುಡಿದು ಹೋದ. ಕೈಗೆ ಸಿಕ್ಕಿದ್ರೆ ಸಿಗಲಿ ಬಿಡಿ, ಕೈ ಹಾಕೋಕೆ ಮುಂಚೆ ಮುಖ ತೋರಿಸಲೇಬೇಕಲ್ಲ! ನಿಮ್ಮ ಗೇಟೂ ಅರ್ಧ ಅದರಲ್ಲಿ ಬೀಳ್ತಿತ್ತು, ಆ ಭಾಗಕ್ಕೆ ಕಪ್ಪು ಪಟ್ಟಿ ಹಾಕಿಸಿದ್ದೀನಿ. ನೀವು ಎಷ್ಟು ಹೊತ್ತಿಗೆ ಮನೆ ಸೇರ್ತೀರಿ ಅನ್ನೋದು ನಂಗ್ಯಾಕೆ?

ಧನುರ್ಮಾಸ ಶುರುವಾಯ್ತಲ್ಲ, ಆಗ ಏಳಡಿಗೆ ಇಳಿಸಿದ್ದರ ಫಲ ಸಿಕ್ಕಿತು. ನಮ್ಮ ದಾಸವಾಳ, ಕಣಗಿಲೆ ಬೆಳಗ್ಗೆ ಆರಕ್ಕೆ ನೋಡಿದ್ರೆ ಗಿಡ ಬೋಳು. ಹನ್ನೆರಡಡಿ ಕಾಲದಲ್ಲಿ ಬರೀ ಒಂದು ಮಂಕಿ ಕ್ಯಾಪು, ಒಂದು ಪ್ಲಾಸ್ಟಿಕ್ ಕವರು, ಒಂದು ಕೊಕ್ಕೆ ಕೋಲು ಕಾಣ್ತಿತ್ತು. ಬಿಳೀ ಸ್ವೆಟರಿನವನು ಅಂತ ಗುರುತು ಇಟ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಇನ್‌ಫ್ರಾರೆಡ್ ಬೆಳಕಲ್ಲಿ ಕೆಲವು ಕಪ್ಪು ಬಟ್ಟೆ ಬೆಳ್ಳಗೆ ಕಾಣುತ್ತಂತೆ. ಎಷ್ಟು ಜನ ಬಿಳೀ ಸ್ವೆಟರಿನವರನ್ನ ಸುಮ್‌ಸುಮ್ನೆ ದುರುಗುಟ್ಟಿದ್ನೋ! ಏಳಡಿಗೆ ಇಳಿದ ಮೇಲೆ ಮುಖ ಬಂತು. ಹಿಂದಿನ ರಸ್ತೆಯ ಒಬ್ಬ ಯಜಮಾನರು, ಎಪ್ಪತ್ತೈದರ ಮೇಲೆ. ಸ್ವೆಟರ್ ಕಡುಗಪ್ಪು.

ಆ ಕ್ಯಾಮೆರಾದಲ್ಲಿ ಸ್ಪೀಕರ್ ಇದೆಯಲ್ಲ, ನ್ಯೂಜೆರ್ಸಿಯಲ್ಲಿರೋ ಮಗ ಫೋನಲ್ಲೇ ನೋಡ್ತಾನೆ, ಮಾತೂ ಆಡಬಹುದು. ಪಾಸ್‌ವರ್ಡ್ ಇಟ್ಟವನೂ ಅವನೇ. ಡಬ್ಬಿಯಲ್ಲಿ ಬಂದಿದ್ದನ್ನೇ ಬಿಟ್ಟಿದ್ದೆ, ಬೈದ. 2016ರಲ್ಲಿ ಮಿರಾಯ್ ಅಂತ ಒಂದು ವೈರಸ್ಸು ಇಂಥ ಸೋಮಾರಿ ಪಾಸ್‌ವರ್ಡಿನ ಕ್ಯಾಮೆರಾ, ಡಿವಿಆರ್‌ಗಳಿಗೇ ನುಗ್ಗಿ, ಅವನ್ನೇ ಸೈನ್ಯ ಕಟ್ಟಿಕೊಂಡು ಅಮೆರಿಕದಲ್ಲಿ ದೊಡ್ಡ ದೊಡ್ಡ ವೆಬ್‌ಸೈಟುಗಳನ್ನ ಮಲಗಿಸಿತ್ತಂತೆ. ಕಾವಲಿಗಿಟ್ಟ ನಾಯಿಯೇ ಕಳ್ಳರ ಜೊತೆ ಹೋದ ಹಾಗೆ. ಇರ್ಲಿ. ನಮಗೆ ಬೆಳಗ್ಗೆ ಐದೂವರೆ ಅಂದ್ರೆ ಅವನಿಗೆ ಹಿಂದಿನ ದಿನದ ಸಂಜೆ ಏಳು. ಒಂದು ದಿನ ಅನ್ನಕ್ಕಿಟ್ಟು ಫೋನ್ ನೋಡ್ತಿದ್ದವನು ಯಜಮಾನರ ಕೊಕ್ಕೆ ಕಂಡು "ಯಾರ್ರೀ ಅದು?" ಅಂತ ಕೂಗಿಬಿಟ್ಟ. ಕತ್ತಲಲ್ಲಿ ಕಂಬ ಮಾತಾಡಿದ್ರೆ ಏನಾಗಬೇಡ! ಕವರ್ ಕೆಳಗೆ, ಕೋಲು ಮೋರಿಗೆ. ಆದ್ರೂ ಯಜಮಾನರು ಓಡಲಿಲ್ಲ ನೋಡಿ. ಎದೆ ಹಿಡ್ಕೊಂಡು, ಕೈ ಮುಗಿದು, "ಸ್ವಾಮೀ, ದೇವರಿಗೆ" ಅಂದ್ರು. ಮಗನಿಗೆ ಕರುಳು ಚುರುಕ್ ಅಂತು. "ಕೂತ್ಕೊಳ್ಳಿ, ಸುಧಾರಿಸ್ಕೊಳ್ಳಿ" ಅಂದ. ಜಗಲಿ ಮೇಲೆ ಕೂತ್ರು.

ಅವತ್ತಿಂದ ಶುರು. ದಿನಾ ಐದೂವರೆಗೆ ಯಜಮಾನರು ಬಂದು ಕ್ಯಾಮೆರಾಗೆ ನಮಸ್ಕಾರ ಹಾಕಿ, ಹತ್ತು ಹೂ ಎಣಿಸಿ ಕಿತ್ತು, ಮಂಡಿನೋವು, ಹುಗ್ಗಿ, ಅಲ್ಲಿನ ಚಳಿ ಎಲ್ಲಾ ಮಾತಾಡ್ಕೊಂಡು ಹೋಗೋದು. ಒಳಗೆ ನಾನು ರಗ್ಗು ಹೊದ್ದು ಗೊರಕೆ. ಮೊನ್ನೆ ಮಗ ನನಗೆ ಫೋನ್ ಮಾಡಿದ. "ಏನಪ್ಪಾ, ಸಂಜೆ ವಾಕಿಂಗ್ ಅಂತ ಹೋಗಿ ಸರ್ಕಲ್ಲಲ್ಲಿ ಬೋಂಡ ತಿಂತೀಯಂತೆ? ಎರಡೆರಡು ಪ್ಲೇಟ್? ಶುಗರ್ ಎಷ್ಟಿದೆ?" ಮೈ ಜುಮ್ಮೆಂದಿತು. ಸರ್ಕಲ್ಲಲ್ಲಿ ಯಾವ ಕ್ಯಾಮೆರಾ ಇದೆ ಅಂತ ಮಾರನೇ ಸಂಜೆ ಕಂಬ ಕಂಬವೂ ಹುಡುಕಿದೆ. ಆಮೇಲೆ ಮನೆಗೆ ಬಂದು ರೆಕಾರ್ಡಿಂಗ್ ಹಾಕಿ ನೋಡ್ತೀನಿ, ಬೆಳಗ್ಗೆ ಐದು ಮೂವತ್ತೇಳಕ್ಕೆ ನಮ್ಮ ಜಗಲಿ ಮೇಲೆ ಕೂತು, ನಮ್ಮದೇ ದಾಸವಾಳ ಮಡಿಲಲ್ಲಿ ಇಟ್ಕೊಂಡು, ಯಜಮಾನರು ವರದಿ ಒಪ್ಪಿಸ್ತಿದ್ದಾರೆ. ಚಟ್ನಿ ಎರಡನೇ ಸಲ ಹಾಕಿಸ್ಕೊಂಡಿದ್ದೂ ಬಿಟ್ಟಿಲ್ಲ!

ಅದಕ್ಕೇ ನಾಲ್ಕು ದಿನ ಆ ಜೇಡ ಅಲ್ಲೇ ಇರ್ಲಿ ಅಂತ ಸುಮ್ಮನಿದ್ದೆ. ಮಗ ಬಿಡಬೇಕಲ್ಲ, "ಅಪ್ಪಾ, ಏನೋ ಬೆಳ್ಳಗೆ ಅಡ್ಡ ಬಂದಿದೆ, ತಾತನ ಮುಖವೇ ಕಾಣ್ತಿಲ್ಲ" ಅಂತ ಎರಡು ಸಲ ಮೆಸೇಜ್ ಹಾಕಿದ್ದಾನೆ. ಹ್ಞಾ, ಸಿಕ್ತು, ಹಿಡ್ಕೊಂಡೆ. ಕೆಳಗಿನ ಮೆಟ್ಟಲು ಅಲ್ಲಾಡುತ್ತಲ್ರೀ ಇದು? ಸಂಜೆ ವಾಕಿಂಗಿಗೆ ಹೋಗುವಾಗ ವಾಪಸ್ ಕೊಡ್ತೀನಿ. ಇಲ್ಲ ಇಲ್ಲ, ಈಗ ಪಾರ್ಕ್ ಕಡೆಯಿಂದ ಹೋಗ್ತಿದ್ದೀನಿ.