ರಾತ್ರಿಗೇನು?

ಅಡುಗೆ ಪುಸ್ತಕಗಳೆಲ್ಲ ಒಲೆ ಹಚ್ಚಿದ ಮೇಲಿಂದ ಶುರುವಾಗುತ್ತವೆ. ಎಣ್ಣೆ ಕಾದ ಮೇಲೆ ಸಾಸಿವೆ ಹಾಕಿ, ಸಿಡಿದ ಮೇಲೆ ಕರಿಬೇವು ಹಾಕಿ ಎಂದು ಬಹಳ ಧೈರ್ಯದಿಂದ ಹೇಳುತ್ತವೆ. ಆ ಎಣ್ಣೆ ಯಾವ ಅಡುಗೆಗೆ ಕಾಯುತ್ತಿದೆ ಎಂಬುದು ಅವಕ್ಕೆ ಮೊದಲೇ ಗೊತ್ತು. ವಾರದ ನಡುವಿನ ಬುಧವಾರವೋ ಗುರುವಾರವೋ ಸಂಜೆ ಏಳೂವರೆಗೆ ಮನೆಗೆ ಬಂದು ಚಪ್ಪಲಿ ಬಿಟ್ಟವನಿಗೆ ಅದೊಂದೇ ಗೊತ್ತಿರುವುದಿಲ್ಲ. ಮಾಡುವುದಕ್ಕೆ ಅರ್ಧ ಗಂಟೆ ಸಾಕು. ಏನು ಮಾಡುವುದೆಂದು ತೀರ್ಮಾನಿಸುವುದಕ್ಕೆ ಮುಕ್ಕಾಲು ಗಂಟೆ ಬೇಕು.

ನಮ್ಮ ಮನೆಯ ಕಾನೂನು ಸರಳ: ಸಂಜೆ ಮೊದಲು ಬಂದವರದು ಒಲೆ. ನನ್ನ ಹೆಂಡತಿಯ ಕಚೇರಿ ಇರುವುದು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಆಚೆ. ಬೆಂಗಳೂರು ಬಲ್ಲವರಿಗೆ ಮುಂದಿನ ಕಥೆ ಹೇಳಬೇಕಿಲ್ಲ. ಹೀಗಾಗಿ ಒಲೆ ಕಾಯಂ ಆಗಿ ನನ್ನದು. ಈ ಕಾನೂನನ್ನು ಸೂಚಿಸಿದ್ದು ಅವಳೇ ಎಂಬುದನ್ನು ದಾಖಲೆಗಾಗಿ ಹೇಳುತ್ತಿದ್ದೇನೆ, ಅಷ್ಟೆ.

ಫೋನು ಮಾಡಿ, "ರಾತ್ರಿಗೇನು ಮಾಡ್ಲಿ?" ಎನ್ನುತ್ತೇನೆ. ಬಸ್ಸಿನ ಗದ್ದಲದ ನಡುವಿನಿಂದ, "ಏನಾದ್ರೂ ಮಾಡ್ರಿ" ಎಂಬ ಉತ್ತರ ಬರುತ್ತದೆ. ಮಗಳ ಕೋಣೆಯ ಬಾಗಿಲು ತಟ್ಟಿದರೆ, "ಏನಾದ್ರೂ ಮಾಡಪ್ಪಾ." ಎಂಥ ಉದಾರ ಮನಸ್ಸಿನ ಜನ ಎಂದು ಮೋಸಹೋಗಬೇಡಿ. ಹಾಗಾದರೆ ಉಪ್ಪಿಟ್ಟು ಮಾಡುತ್ತೇನೆ ಎಂದು ನೋಡಿ. "ಅಯ್ಯೋ, ಉಪ್ಪಿಟ್ಟಾ?" ಪಾಪದ ಉಪ್ಪಿಟ್ಟು! ಕಾಲು ಗಂಟೆಯಲ್ಲಿ ತಯಾರಾಗಿ, ಹಸಿದ ಇಡೀ ನಾಡನ್ನು ಕಾಪಾಡಿಯೂ, ಹಾಸ್ಟೆಲ್ ಹುಡುಗರಿಂದ 'ಕಾಂಕ್ರೀಟ್' ಎನ್ನಿಸಿಕೊಂಡ ತಿಂಡಿ ಅದು. ಚಪಾತಿ? "ಇಷ್ಟೊತ್ತಲ್ಲಾ?" ಅವಲಕ್ಕಿ? "ಅದು ಊಟಾನಾ?" ಹೀಗೆ ಒಂದೊಂದೇ ತಳ್ಳಿಹಾಕುತ್ತಾ ಹೋದರೆ ಕೊನೆಗೆ ಉಳಿಯುವುದು ಹೋಟೆಲಿನಿಂದ ತರಿಸುವುದು. ಅಲ್ಲಿಯೂ ಮತ್ತೆ ಅದೇ ಪ್ರಶ್ನೆ, ಏನು ತರಿಸುವುದು?

ಹಿಂದಿನವರಿಗೆ ಈ ಕಾಟ ಕಡಿಮೆ. ಅವರ ಪರವಾಗಿ ಪಂಚಾಂಗ ಯೋಚಿಸುತ್ತಿತ್ತು. ಏಕಾದಶಿ ಎಂದರೆ ಒಲೆಗೇ ರಜೆ. ಶನಿವಾರ ಒಪ್ಪತ್ತಿನ ಮನೆಗಳಲ್ಲಿ ರಾತ್ರಿ ಅನ್ನವಿಲ್ಲ, ಫಲಾಹಾರ. ಮಾಂಸದ ಅಡುಗೆಯ ಮನೆಗಳಲ್ಲೂ ಸೋಮವಾರವೋ ಶನಿವಾರವೋ ದೇವರ ಹೆಸರಿಗೆ ಬಿಟ್ಟ ದಿನ. ಮಾಧ್ವರ ಚಾತುರ್ಮಾಸ್ಯವಂತೂ ನಾಲ್ಕು ತಿಂಗಳ ಅಚ್ಚುಕಟ್ಟಾದ ಪಟ್ಟಿ: ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ. ಇದರಿಂದ ಎಷ್ಟು ಪುಣ್ಯ ಬಂತೋ ಲೆಕ್ಕ ಇಟ್ಟವರಿಲ್ಲ. ಅಡುಗೆಮನೆಯಲ್ಲಿ ನಿಂತು ತಲೆ ಕೆರೆದುಕೊಳ್ಳುವುದು ತಪ್ಪಿದ್ದಂತೂ ನಿಜ. ಬೇಡ ಎನ್ನುವುದನ್ನು ದೇವರೇ ಹೇಳಿಬಿಟ್ಟರೆ ಬೇಕು ಎನ್ನುವುದನ್ನು ಹುಡುಕುವುದು ಸುಲಭ.

ಹಾಸನದ ಕಡೆಯ ನಮ್ಮ ಅಜ್ಜಿಗೆ ಪಂಚಾಂಗಕ್ಕಿಂತ ಸಂತೆ ದೊಡ್ಡದು. ಸಂತೆಯ ದಿನ ಬಂದ ಸೊಪ್ಪು ಅಂದು ರಾತ್ರಿಯೇ ಬಸ್ಸಾರು. ಸೊಪ್ಪು, ಕಾಳು, ಬೇಳೆ ಒಂದೇ ಪಾತ್ರೆಯಲ್ಲಿ ಬೆಂದು, ಬಸಿದ ನೀರು ಸಾರಾಗಿ, ಉಳಿದದ್ದು ಒಗ್ಗರಣೆ ಬಿದ್ದು ಪಲ್ಯವಾಗುತ್ತಿತ್ತು. ಒಂದು ಬೇಯಿಸಿ ಎರಡು ಬಡಿಸುವ ಈ ಉಪಾಯ ಕಂಡುಹಿಡಿದ ಪುಣ್ಯಾತ್ಗಿತ್ತಿಗೆ ಇನ್ನೂ ಯಾವ ಪ್ರಶಸ್ತಿಯೂ ಬಂದಿಲ್ಲ. ಮಾರನೆಯ ದಿನಗಳಲ್ಲಿ ಬದನೆ, ಹುರುಳಿಕಾಯಿ. ಆಮೇಲೆ ಬಾಳಿಕೆ ಬರುವ ಕುಂಬಳ, ಸುವರ್ಣಗಡ್ಡೆ. ಮುಂದಿನ ಸಂತೆಯ ಹಿಂದಿನ ರಾತ್ರಿ ಬುಟ್ಟಿ ಖಾಲಿ, ಡಬ್ಬಿಯ ಹುರುಳಿಕಾಳಿನ ಸಾರು. ಯಾವುದು ಮೊದಲು ಬಾಡುತ್ತದೋ ಅದು ಮೊದಲು ಒಲೆಗೆ. ನಮ್ಮ ಫ್ರಿಜ್ ಈ ಕ್ರಮವನ್ನೇ ಕೆಡಿಸಿತು. ಅದರಲ್ಲಿಟ್ಟ ಯಾವುದೂ ತಕ್ಷಣ ಬಾಡುವುದಿಲ್ಲ. ಹಾಗಾಗಿ ಯಾವುದಕ್ಕೂ ಇವತ್ತೇ ಮಾಡು ಎನ್ನುವ ಬಾಯಿಲ್ಲ.

ನನ್ನ ಅತ್ತೆ ಧಾರವಾಡದವರು. ರಾತ್ರಿ ಅವರ ಫೋನು ಬರುತ್ತದೆ: "ಊಟಾ ಆತೇನ್ರಿ? ಏನ್ ಅಡಿಗಿ?" ಕ್ಷೇಮ ಸಮಾಚಾರಕ್ಕಿಂತ ಮೊದಲು ಬರುವ ಈ ಪ್ರಶ್ನೆ ಬರೀ ಉಪಚಾರದ್ದು ಎಂದು ನಾನು ಬಹಳ ಕಾಲ ತಿಳಿದಿದ್ದೆ. ಈಗ ನೋಡಿದರೆ ಕನ್ನಡನಾಡಿನ ಅರ್ಧ ಮನೆಗಳ ನಾಳೆಯ ಊಟ ನಿರ್ಧಾರವಾಗುವುದೇ ಹೀಗೆ. "ಝುಣಕಾ ಮಾಡಿದ್ದೆ" ಎಂದು ಆ ಕಡೆಯವರು ಅನ್ನುತ್ತಾರೆ, ಈ ಕಡೆಯವರು ಮರುದಿನ ಕಡಲೆಹಿಟ್ಟು ಹುಡುಕುತ್ತಾರೆ. ಅತ್ತೆಯವರಿಗೆ ಸ್ವಂತಕ್ಕೆ ಈ ಸಲಹೆಯ ಅಗತ್ಯವಿಲ್ಲ. ಅವರ ಮನೆಯಲ್ಲಿ ಖಡಕ್ ರೊಟ್ಟಿ ಬಟ್ಟೆಯಲ್ಲಿ ಸುತ್ತಿಕೊಂಡು ವಾರಗಟ್ಟಲೆ ಕೂತಿರುತ್ತದೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಮೊಸರು, ಹಸಿ ಉಳ್ಳಾಗಡ್ಡಿ: ಒಲೆ ಹಚ್ಚದೆಯೇ ಊಟ ಮುಗಿಯಿತು.

ಮುಗಿಯಿತು ಎನ್ನುವುದು ತಿನ್ನುವವರ ಮಾತು. ಆ ರೊಟ್ಟಿ ಬಡಿದ ಕೈ, ಪುಡಿ ಕುಟ್ಟಿದ ಕೈ ಎಂದೋ ದುಡಿದಿರುತ್ತದೆ. ಅರ್ಧ ಗಂಟೆಯ ಅಡುಗೆಗಳ ಗುಟ್ಟೆಲ್ಲ ಇದೇ. ನಿಮಿಷದ ಸಾರಿನ ಹಿಂದೆ ಬಿಸಿಲು ಕಾಲದಲ್ಲಿ ಹುರಿದು ಬೀಸಿದ ಸಾರಿನ ಪುಡಿ ಇರುತ್ತದೆ. ಬೆಳಗಿನ ದೋಸೆಯ ಹಿಂದೆ ಹಿಂದಿನ ದಿನವೇ ನೆನೆದ ಅಕ್ಕಿ, ಉದ್ದು. ಬೆಂಗಳೂರಿನ ಎಂಟಿಆರ್ 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲು ನಡೆಸುವುದು ಕಷ್ಟವಾದಾಗ ಪುಡಿ, ಮಿಶ್ರಣಗಳನ್ನು ಪೊಟ್ಟಣ ಕಟ್ಟಿ ಮಾರುವ ದಾರಿ ಹಿಡಿಯಿತು. ಆ ಪೊಟ್ಟಣದಲ್ಲಿ ಮಾರಾಟಕ್ಕಿದ್ದದ್ದು ಬೇರೆಯವರು ನಮ್ಮ ಪರವಾಗಿ ಮೊದಲೇ ಮಾಡಿಟ್ಟ ಕೆಲಸ. ಯೋಚನೆ ಮಾತ್ರ ಯಾವ ಅಂಗಡಿಯಲ್ಲೂ ಪೊಟ್ಟಣದಲ್ಲಿ ಸಿಗುವುದಿಲ್ಲ.

ಇನ್ನು ಕುಕ್ಕರು. 1679ರಲ್ಲಿ ಡೆನಿ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ ಇದರ ಮುತ್ತಜ್ಜನನ್ನು ತಯಾರಿಸಿದ. ಭದ್ರವಾಗಿ ಮುಚ್ಚಿದ ಪಾತ್ರೆ, ಮೇಲೊಂದು ಸುರಕ್ಷತಾ ಕವಾಟ. 1682ರಲ್ಲಿ ರಾಯಲ್ ಸೊಸೈಟಿಯ ಪಂಡಿತರನ್ನು ಕರೆದು ಅದರಲ್ಲೇ ಬೇಯಿಸಿದ ರಾತ್ರಿಯೂಟ ಹಾಕಿದ, ಗಟ್ಟಿ ಮೂಳೆಗಳೂ ಮೆತ್ತಗಾಗಿದ್ದವು. ರಾತ್ರಿಗೇನು ಎಂಬ ಪ್ರಶ್ನೆಗೆ ಮೂಳೆ ಎಂದು ಉತ್ತರಿಸಿಯೂ ಶಹಬ್ಬಾಸ್ ಪಡೆದವನು ಬಹುಶಃ ಅವನೊಬ್ಬನೇ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿದು ನಿಲ್ಲುತ್ತದೆ. ಕುಕ್ಕರಿನ ಒತ್ತಡದಲ್ಲಿ ಸುಮಾರು 120ರ ತನಕ ಏರುತ್ತದೆ. ತೊಗರಿಬೇಳೆ ಬೇಗ ಬೇಯುವುದು ಆ 20 ಡಿಗ್ರಿಯ ದಯೆಯಿಂದ. ಎಷ್ಟು ಕೂಗಾಯಿತು ಎಂಬುದಕ್ಕೆ ಮಾತ್ರ ಪಾಪಿನ್ ಪರಿಹಾರ ಕಂಡುಹಿಡಿಯಲಿಲ್ಲ. ಮನೆಯವರೆಲ್ಲ ಕೇಳಿಸಿಕೊಂಡಿರುತ್ತಾರೆ, ಎಣಿಸಿದವರು ಒಬ್ಬರೂ ಇರುವುದಿಲ್ಲ.

ಇಷ್ಟೆಲ್ಲದರಿಂದ ನಾನು ಕಲಿತದ್ದು ಒಂದೇ: ಮೊದಲು ಬೇಳೆ ಇಡಬೇಕು, ಆಮೇಲೆ ಯೋಚಿಸಬೇಕು. ಬೆಂದ ತೊಗರಿಬೇಳೆ ಪಕ್ಷ ಸೇರದೆ ನಿಂತ ಶಾಸಕನ ಹಾಗೆ, ಯಾವ ಕಡೆಗಾದರೂ ಹೋಗಬಹುದು. ತುಪ್ಪದಲ್ಲಿ ಇಂಗಿನ ಒಗ್ಗರಣೆ ಕೊಟ್ಟರೆ ತೊವ್ವೆ. ತರಕಾರಿ, ಹುಣಿಸೆ, ರುಬ್ಬಿದ ಕಾಯಿ ಸೇರಿದರೆ ಹುಳಿ. ಸೊಪ್ಪು ಮಸೆದರೆ ಮಸ್ಸೊಪ್ಪು. ಅನ್ನದ ಜೊತೆ ಕೂಡಿಸಿದರೆ ಬಿಸಿಬೇಳೆಬಾತ್. ಮೇಲಿನ ಬಟ್ಟಲಲ್ಲಿ ಅಕ್ಕಿ, ಕೆಳಗೆ ಅರಿಸಿನ, ಒಂದು ತೊಟ್ಟು ಎಣ್ಣೆಯ ಜೊತೆ ಬೇಳೆ. ಮುಚ್ಚಳ ಹಾಕಿದ ಮೇಲೆ ಮನೆಯಲ್ಲಿ ಎಷ್ಟು ಬೇಕಾದರೂ ಚರ್ಚೆ ನಡೆಯಲಿ, ಏನೂ ತಡವಾಗುವುದಿಲ್ಲ.

ಚರ್ಚೆಯೂ ಈಗ ನಡೆಯುತ್ತದೆ. ಏಕೆಂದರೆ ಕಾನೂನಿಗೆ ನಾನೊಂದು ತಿದ್ದುಪಡಿ ತಂದೆ: ಏನಾದ್ರೂ ಮಾಡು ಎಂದವರು ಸೊಪ್ಪು ಬಿಡಿಸಬೇಕು. ಮೆಂತ್ಯದ ಕಟ್ಟನ್ನು ಒಂದೊಂದೇ ಎಲೆಯಾಗಿ ಬಿಡಿಸಿದವರಿಗೆ ಈ ಶಿಕ್ಷೆಯ ತೂಕ ಗೊತ್ತು. ಮಾರನೆಯ ದಿನವೇ ಎಲ್ಲರಿಗೂ ಖಚಿತವಾದ ಅಭಿಪ್ರಾಯಗಳು ಹುಟ್ಟಿದವು. ಮಗಳಿಗೆ ಬಿಸಿಬೇಳೆಬಾತೇ ಆಗಬೇಕು. ಹೆಂಡತಿಗೆ, ಅನ್ನವಿದ್ದಲ್ಲಿ ಮತ್ತೊಂದು ಅನ್ನವೇಕೆ, ತೊವ್ವೆ ಸಾಕು. ಉತ್ತರವೇ ಸಿಗದಿದ್ದ ಮನೆಯಲ್ಲಿ ಈಗ ಎರಡೆರಡು ಉತ್ತರ. ನಾನು ಮಧ್ಯೆ ಬಾಯಿ ಹಾಕುವುದಿಲ್ಲ. ಕುಕ್ಕರಿನ ಒತ್ತಡ ಇಳಿಯುವ ತನಕ ಅವರಿಗೆ ಸಮಯವಿದೆ. ಅಷ್ಟರಲ್ಲಿ ತೀರ್ಪು ಬಂದರೆ ಬಂದ ಹಾಗೆ. ಬಾರದಿದ್ದರೆ ಸಾರು.